ಕಲೆಗಾರನ ಕೈ, ಕೊಳ್ಳುವವನ ಕೈ

ಕೊಯಮತ್ತೂರಿನಿಂದ ಅವಿನಾಶಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಕರುಮತ್ತಂಪಟ್ಟಿಯನ್ನು ಮುಟ್ಟಿ, ಅಲ್ಲಿಂದ ಸೋಮನೂರಿನ ಕಡೆಗೆ ತಿರುಗಿದೊಡನೆ ಪಯಣಿಗನ ಕಿವಿಗೆ ಮೊದಲು ಬೀಳುವುದು ಮಗ್ಗಗಳ ಸದ್ದು. ಹಗಲೆನ್ನದೆ ಇರುಳೆನ್ನದೆ ಈ ಸದ್ದು ಇಲ್ಲಿನ ಬೀದಿಗಳಿಗೆ ಒಗ್ಗಿಹೋಗಿದೆ. ಕೊಯಮತ್ತೂರು ಸೀಮೆಯ ದೇವಾಂಗರಲ್ಲಿ ಅನೇಕರ ಮನೆಮಾತು ಕನ್ನಡ. ಆದುದರಿಂದ ಹಾಸು, ಹೊಕ್ಕು, ಲಾಳಿ ಎಂಬ ಮಾತುಗಳು ನಮ್ಮಲ್ಲಿ ಅನೇಕರಿಗೆ ಪುಸ್ತಕದಿಂದ ಬಂದವಲ್ಲ, ಅಜ್ಜಂದಿರ ಬಾಯಿಂದ ಬಂದವು. ಇಂದು ಇಲ್ಲಿ ಬಹುಮಟ್ಟಿಗೆ ನಡೆಯುವುದು ವಿದ್ಯುತ್ ಮಗ್ಗ. ನೂಲು ಇನ್ನೊಬ್ಬರದು, ನೆಯ್ದ ಬಟ್ಟೆಯೂ ಇನ್ನೊಬ್ಬರದು. ಮಗ್ಗದವನಿಗೆ ದೊರೆಯುವುದು ಮೀಟರಿನ ಲೆಕ್ಕದ ಕೂಲಿ. ಆ ಕೂಲಿಯನ್ನು ಹೆಚ್ಚಿಸಬೇಕೆಂದು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಮಗ್ಗದವರು 2022ರ ಆರಂಭದಲ್ಲಿ ವಾರಗಟ್ಟಲೆ ಮಗ್ಗಗಳನ್ನು ನಿಲ್ಲಿಸಿದುದನ್ನು ನಾವೆಲ್ಲರೂ ಕಂಡಿದ್ದೇವೆ.

ಕೈಯಿಂದ ಮಾಡಿದ ವಸ್ತುವನ್ನು ಮಾಡಿದವನೇ ಮಾರಬಲ್ಲನೆ? ಮಾರಿದರೆ ಅದರ ಬೆಲೆಯನ್ನು ಯಾರು ಕಟ್ಟುತ್ತಾರೆ? ಅದರ ಮೇಲೆ ಯಾರ ಹೆಸರು ಉಳಿಯುತ್ತದೆ? ಈ ಪ್ರಶ್ನೆಗಳು ನೇಕಾರನಿಗೆ ಮಾತ್ರ ಸಂಬಂಧಿಸಿದವಲ್ಲ. ಚಿತ್ರಕಾರ, ಶಿಲ್ಪಿ, ಬೊಂಬೆ ಮಾಡುವವನು ಮೊದಲಾದ ಎಲ್ಲರನ್ನೂ ಇವು ಶತಮಾನಗಳಿಂದ ಕಾಡಿವೆ. ಚಿತ್ರ ಬರೆಯುವ ಹವ್ಯಾಸವುಳ್ಳ ವಿದ್ಯಾರ್ಥಿಗಳು ನಮ್ಮ ಶಾಲೆಗಳಲ್ಲಿ ಇದ್ದಾರೆ. 'ಚಿತ್ರ ಬರೆದು ಹೊಟ್ಟೆ ತುಂಬೀತೆ?' ಎಂದು ತಂದೆತಾಯಿಗಳು ಅವರನ್ನು ಕೇಳುವುದೂ ಉಂಟು. ಆ ಪ್ರಶ್ನೆಗೆ ಚರಿತ್ರೆ ಏನು ಉತ್ತರ ಕೊಡುತ್ತದೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ನಾಡಿನ ಒಬ್ಬ ನೇಕಾರನಿಂದಲೇ ಆರಂಭಿಸೋಣ. ಮುದನೂರಿನ ದೇವರ ದಾಸಿಮಯ್ಯನು ವಚನಕಾರರಲ್ಲಿ ಅತಿ ಪ್ರಾಚೀನರ ಸಾಲಿಗೆ ಸೇರಿದವನು. ಜೇಡರ ದಾಸಿಮಯ್ಯನೆಂಬ ಹೆಸರೇ ಅವನ ಕಾಯಕವನ್ನು ಸಾರುತ್ತದೆ. ಅವನ ಕುರಿತು ಪ್ರಚಲಿತವಾದ ಕಥೆಯೊಂದರಲ್ಲಿ ಅವನು ಬಹುಕಾಲ ಶ್ರಮಿಸಿ ಒಂದು ಉತ್ತಮ ವಸ್ತ್ರವನ್ನು ನೆಯ್ದು, ಅದನ್ನು ಮಾರಲೆಂದು ತಾನೇ ಹೊತ್ತು ಹೊರಡುತ್ತಾನೆ. ದಾರಿಯಲ್ಲಿ ಜಂಗಮನೊಬ್ಬನು ಬೇಡಿದಾಗ ಅದನ್ನು ಕೊಟ್ಟುಬಿಡುತ್ತಾನೆ. ಆ ಜಂಗಮನು ಕಣ್ಣೆದುರಿಗೇ ಅದನ್ನು ಹರಿದುಹಾಕಿದರೂ ದಾಸಿಮಯ್ಯನ ಮನಸ್ಸು ಕದಡುವುದಿಲ್ಲ. ಕಥೆಯ ತಾತ್ಪರ್ಯ ಭಕ್ತಿಯೆಂಬುದು ನಿಜ. ಆದರೆ ಚರಿತ್ರೆಯ ವಿದ್ಯಾರ್ಥಿಯು ಅದರಲ್ಲಿ ಇನ್ನೊಂದು ಅಂಶವನ್ನೂ ಗಮನಿಸಬೇಕು. ವಸ್ತ್ರವು ದಾಸಿಮಯ್ಯನದೇ ಆಗಿತ್ತು. ಮಾರುವ ಹಕ್ಕೂ ಅವನದು, ದಾನಮಾಡುವ ಹಕ್ಕೂ ಅವನದು. ಬೇರೊಬ್ಬರ ನೂಲಿನಿಂದ ಕೂಲಿಗೆ ನೆಯ್ದವನು ಅದನ್ನು ದಾನಮಾಡಲಾರ.

ಶಿಲ್ಪಿಗಳ ಸ್ಥಿತಿ ಬೇರೆಯಾಗಿತ್ತು. ದೇವಾಲಯವನ್ನು ಕಟ್ಟಿಸುವವನು ಅರಸ ಅಥವಾ ದಂಡನಾಯಕ. ಕಲ್ಲೂ ಅವನದು, ನೆಲವೂ ಅವನದು. ಶಿಲ್ಪಿಯು ಮೂರ್ತಿಯನ್ನು ಸಂತೆಗೆ ಒಯ್ಯುವಂತಿರಲಿಲ್ಲ. ಆದರೂ ಹೊಯ್ಸಳರ ಕಾಲದ ಶಿಲ್ಪಿಗಳು ಒಂದು ವಿಷಯದಲ್ಲಿ ತಮ್ಮ ಸ್ವತ್ತನ್ನು ಬಿಟ್ಟುಕೊಡಲಿಲ್ಲ. ಅದು ಅವರ ಹೆಸರು. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರೂ ಅವನ ಮಗ ಚಾವಣನ ಹೆಸರೂ ಕಲ್ಲಿನಲ್ಲಿ ಕೊರೆಯಲ್ಪಟ್ಟಿವೆ. ಹದಿಮೂರನೆಯ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣಸಿಗುತ್ತದೆ. ಭಾರತದ ಪ್ರಾಚೀನ ಕಲೆಯೆಲ್ಲ ಅನಾಮಿಕವೆಂದು ಹೇಳುವ ವಾಡಿಕೆಯುಂಟು; ಕನ್ನಡನಾಡಿನ ಕಲ್ಲುಗಳು ಆ ಮಾತನ್ನು ಒಪ್ಪುವುದಿಲ್ಲ.

ಈಗ ಪುನಃ ಮಗ್ಗದ ಕಡೆಗೆ ಬರೋಣ. ದಕ್ಷಿಣ ಭಾರತದ ನೇಕಾರರು ಹದಿನೆಂಟನೆಯ ಶತಮಾನದಲ್ಲಿ ವರ್ತಕರಿಂದ ಮುಂಗಡ ಹಣ ಪಡೆದು ನೆಯ್ಯುತ್ತಿದ್ದರು. ಮುಂಗಡವೆಂದೊಡನೆ ನಮಗೆ ಋಣದ ಬಂಧನವೇ ನೆನಪಾಗುತ್ತದೆ. ಆದರೆ ಆ ಕಾಲದ ರೂಢಿಯಲ್ಲಿ ಒಂದು ಮಹತ್ತ್ವದ ಸ್ವಾತಂತ್ರ್ಯವಿತ್ತು: ನೇಕಾರನು ಪಡೆದ ಹಣವನ್ನು ಹಿಂದಿರುಗಿಸಿ, ಒಪ್ಪಂದವನ್ನು ಮುರಿದು, ಹೆಚ್ಚು ಬೆಲೆ ಕೊಡುವವನಿಗೆ ತನ್ನ ಬಟ್ಟೆಯನ್ನು ಮಾರಬಹುದಾಗಿತ್ತು. ಕೊಳ್ಳುವವರು ಹಲವರಿದ್ದಾಗ ಈ ಹಕ್ಕಿಗೆ ಬಲವಿತ್ತು. ಈಸ್ಟ್ ಇಂಡಿಯಾ ಕಂಪನಿಯು ಆ ಶತಮಾನದ ಕೊನೆಯ ದಶಕಗಳಲ್ಲಿ ತನ್ನ ಅಧಿಕಾರ ನೆಲೆಗೊಂಡ ಕಡೆಗಳಲ್ಲೆಲ್ಲ ಈ ಹಕ್ಕನ್ನು ಮೊಟಕುಗೊಳಿಸಿತು. ಕಂಪನಿಯ ಮುಂಗಡ ಪಡೆದವನು ಬೇರೆಯವರಿಗೆ ಮಾರುವುದು ಅಪರಾಧವೆನಿಸಿತು. 1799ರಲ್ಲಿ ಟಿಪ್ಪುಸುಲ್ತಾನನು ಶ್ರೀರಂಗಪಟ್ಟಣದಲ್ಲಿ ಮಡಿದ ಬಳಿಕ, ಅದುವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದ ಕೊಯಮತ್ತೂರು ಸೀಮೆಯೂ ಕಂಪನಿಯ ಕೈಸೇರಿತು. ಮುಂದೆ ಇಂಗ್ಲೆಂಡಿನ ಗಿರಣಿಯ ನೂಲೂ ಬಟ್ಟೆಯೂ ಬಂದುದನ್ನು ಪಠ್ಯಪುಸ್ತಕಗಳಲ್ಲಿ ಓದುತ್ತೇವೆ. ಆದರೆ ಗಿರಣಿ ಬರುವ ಮೊದಲೇ ನೇಕಾರನು 'ನಿನಗೆ ಮಾರಲಾರೆ' ಎಂದು ಹೇಳುವ ಹಕ್ಕನ್ನು ಕಳೆದುಕೊಂಡಿದ್ದನೆಂಬುದನ್ನು ನಾವು ಸಾಮಾನ್ಯವಾಗಿ ಓದುವುದಿಲ್ಲ.

ಇದೇ ಪ್ರಶ್ನೆಯನ್ನು ಯೂರೋಪಿನ ಒಬ್ಬ ಚಿತ್ರಕಾರನು ಜಾಣ್ಮೆಯಿಂದ ಬಿಡಿಸಿದ ಬಗೆಯನ್ನು ನೋಡಬೇಕು. ಜರ್ಮನಿಯ ನ್ಯೂರೆಂಬರ್ಗ್ ನಗರದ ಆಲ್ಬ್ರೆಕ್ಟ್ ಡ್ಯೂರರ್ (1471–1528) ಅಕ್ಕಸಾಲಿಗನ ಮಗ. ದೊಡ್ಡ ವರ್ಣಚಿತ್ರವನ್ನು ಬರೆಯಬೇಕಾದರೆ ಒಬ್ಬ ಪ್ರಭು ಅಥವಾ ಒಂದು ಇಗರ್ಜಿ ಮೊದಲು ಕೇಳಬೇಕಾಗಿತ್ತು. ಮರದ ಹಲಗೆಯ ಮೇಲೆ ಕೊರೆದು ಕಾಗದಕ್ಕೆ ಒತ್ತಿದ ಮುದ್ರಾಚಿತ್ರಕ್ಕೆ ಹಾಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ; ಒಂದೇ ಹಲಗೆಯಿಂದ ನೂರಾರು ಪ್ರತಿಗಳು ಹೊರಡುತ್ತಿದ್ದವು, ಬೆಲೆಯೂ ಸಾಮಾನ್ಯ ಗೃಹಸ್ಥನಿಗೆ ಎಟಕುತ್ತಿತ್ತು. 1498ರಲ್ಲಿ ಡ್ಯೂರರನು ಬೈಬಲಿನ ಕೊನೆಯ ಪುಸ್ತಕಕ್ಕೆ ಹದಿನೈದು ಚಿತ್ರಗಳನ್ನು ಕೊರೆದು ತಾನೇ ಪ್ರಕಟಿಸಿದನು. ಅವುಗಳನ್ನು ಮಾರಿದವರು ಯಾರು? ಅವನ ತಾಯಿ ಮತ್ತು ಅವನ ಹೆಂಡತಿ ಆಗ್ನೆಸ್. ಊರಿನ ಜಾತ್ರೆಯಲ್ಲಿಯೂ ಫ್ರಾಂಕ್‌ಫರ್ಟಿನ ಸಂತೆಯಲ್ಲಿಯೂ ಅವರು ಚಿತ್ರಗಳನ್ನಿಟ್ಟುಕೊಂಡು ಮಾರುತ್ತಿದ್ದರು. ಡ್ಯೂರರನು ತನ್ನ ಹೆಸರಿನ ಎರಡು ಮೊದಲಕ್ಷರಗಳನ್ನು ಹೆಣೆದು ಪ್ರತಿಯೊಂದು ಚಿತ್ರಕ್ಕೂ ಗುರುತಾಗಿ ಹಾಕುತ್ತಿದ್ದನು. ಇಟಲಿಯ ಒಬ್ಬ ಕೆತ್ತನೆಗಾರನು ಗುರುತನ್ನೂ ಸೇರಿಸಿ ಅವನ ಚಿತ್ರಗಳನ್ನು ನಕಲುಮಾಡಿದಾಗ ಡ್ಯೂರರನು ವೆನಿಸ್ಸಿಗೆ ಹೋಗಿ ದೂರಿತ್ತನೆಂದೂ, ಆ ಗುರುತನ್ನು ಬಳಸಕೂಡದೆಂಬ ತೀರ್ಪು ಮಾತ್ರ ಅವನಿಗೆ ದೊರೆಯಿತೆಂದೂ ಕಲಾವಿದರ ಜೀವನಚರಿತ್ರೆಗಳನ್ನು ಬರೆದ ವಸಾರಿಯು ತಿಳಿಸುತ್ತಾನೆ.

ನಮ್ಮ ದೇಶದಲ್ಲಿ ಅದೇ ಮಾರ್ಗವನ್ನು ಹಿಡಿದವರು ರಾಜಾ ರವಿವರ್ಮರು (1848–1906). ಅರಮನೆಗಳಿಗೆ ಚಿತ್ರ ಬರೆದು ಕೀರ್ತಿ ಪಡೆದ ಅವರು 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ಮುಂದೆ ಅದು ಲೋಣಾವಳದ ಸಮೀಪದ ಮಳವಳಿಗೆ ವರ್ಗವಾಯಿತು. ಅಲ್ಲಿಂದ ಹೊರಟ ಲಕ್ಷ್ಮಿ, ಸರಸ್ವತಿಯರ ಚಿತ್ರಪಟಗಳು ಕನ್ನಡನಾಡಿನ ಹಳ್ಳಿಹಳ್ಳಿಯ ದೇವರ ಮನೆಯನ್ನು ಸೇರಿದವು. ಅರಸರ ಗೋಡೆಯ ಮೇಲಿದ್ದ ಕಲೆಯು ಕೂಲಿಯವನ ಗೋಡೆಗೂ ಇಳಿದು ಬಂದುದು ಸಣ್ಣ ಸಂಗತಿಯಲ್ಲ. ಆದರೆ ಮುದ್ರಣಾಲಯವು ಸಾಲದಲ್ಲಿ ಮುಳುಗಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರವಿವರ್ಮರು ಅದನ್ನು ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಖರನಿಗೆ ಮಾರಿದರು. ತಮ್ಮ ಅನೇಕ ಚಿತ್ರಗಳನ್ನು ಮುದ್ರಿಸುವ ಹಕ್ಕೂ ಅದರೊಡನೆ ಹೋಯಿತು. ಅನಂತರ ದಶಕಗಳ ಕಾಲ ಅವರ ಚಿತ್ರಗಳು ಪಂಚಾಂಗಗಳ ಮೇಲೆ, ಬೆಂಕಿಪೊಟ್ಟಣಗಳ ಮೇಲೆ, ಸಾಬೂನಿನ ಜಾಹೀರಾತುಗಳಲ್ಲಿ ಕಾಣಿಸಿಕೊಂಡವು. ಚಿತ್ರ ಬರೆಯುವ ವಿದ್ಯೆ ಒಂದು, ಅದನ್ನು ಮಾರುವ ವ್ಯವಹಾರ ಇನ್ನೊಂದು ಎಂಬ ಪಾಠವನ್ನು ಅಂಥ ಪ್ರತಿಭಾವಂತರೂ ಕಷ್ಟದಿಂದ ಕಲಿಯಬೇಕಾಯಿತು.

ಅರಮನೆಯ ಆಶ್ರಯವನ್ನೇ ನಂಬಿದವರ ಗತಿಯಾದರೂ ಸುಖವಾಗಿತ್ತೆ? ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಶೈಲಿಯ ಚಿತ್ರಕಾರರು ಆಸ್ಥಾನದ ನೆರಳಿನಲ್ಲಿ ಬೆಳೆದರು. ಇಪ್ಪತ್ತನೆಯ ಶತಮಾನದಲ್ಲಿ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತು ಬಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವನ್ನು ಪಡೆದರು. 1940ರಲ್ಲಿ ನಾಲ್ವಡಿಯವರು ಕಾಲವಾದೊಡನೆ ಆ ಆಶ್ರಯವೂ ಕುಸಿಯಿತು. ಒಬ್ಬನೇ ಪೋಷಕನಿರುವುದೆಂದರೆ ಒಂದೇ ಕಂಬದ ಮೇಲೆ ಮನೆ ಕಟ್ಟಿದಂತೆ. ವೆಂಕಟಪ್ಪನವರ ಹೆಸರಿನ ಚಿತ್ರಶಾಲೆ ಬೆಂಗಳೂರಿನಲ್ಲಿದೆ. ರಾಜಧಾನಿಗೆ ಪ್ರವಾಸ ಹೋಗುವ ವಿದ್ಯಾರ್ಥಿಗಳು ಅದನ್ನು ನೋಡದೆ ಬರಬಾರದು.

ಅರಸನೂ ಬೇಡ, ದಲ್ಲಾಳಿಯೂ ಬೇಡ, ಕಲಾವಿದರೇ ಒಂದುಗೂಡಿ ತಮ್ಮ ಕಲೆಯನ್ನು ಜನರ ಮುಂದಿಡೋಣವೆಂಬ ಪ್ರಯತ್ನಕ್ಕೆ 1874ರ ಪ್ಯಾರಿಸ್ ಪ್ರಸಿದ್ಧ ನಿದರ್ಶನ. ಸರ್ಕಾರಿ ಪ್ರದರ್ಶನದ ತೀರ್ಪುಗಾರರಿಗೆ ತಲೆಬಾಗಲೊಲ್ಲದ ಮೊನೆ, ರೆನ್ವಾ, ಪಿಸಾರೊ, ದೆಗಾ ಮೊದಲಾದ ಸುಮಾರು ಮೂವತ್ತು ಮಂದಿ ಒಂದು ಸಹಕಾರಿ ಸಂಘವನ್ನು ಕಟ್ಟಿಕೊಂಡು, ನಾದಾರನೆಂಬ ಛಾಯಾಚಿತ್ರಗಾರನ ಹಳೆಯ ಕೊಠಡಿಗಳಲ್ಲಿ ಏಪ್ರಿಲ್ 15ರಂದು ಪ್ರದರ್ಶನವನ್ನು ತೆರೆದರು. ಪ್ರವೇಶಶುಲ್ಕ ಒಂದು ಫ್ರಾಂಕ್. ನೋಡಿದವರಲ್ಲಿ ನಕ್ಕವರೇ ಹೆಚ್ಚು. ಲೆಕ್ಕ ಮುಗಿಸುವಾಗ ಪ್ರತಿಯೊಬ್ಬ ಸದಸ್ಯನ ಮೇಲೂ 184 ಫ್ರಾಂಕುಗಳಿಗೂ ಮಿಕ್ಕ ಸಾಲ ನಿಂತಿತು. ಸಂಘವು ಆ ವರ್ಷವೇ ಮುಚ್ಚಿತು. ಇಂದು ಅದೇ ಪ್ರದರ್ಶನವನ್ನು ಆಧುನಿಕ ಚಿತ್ರಕಲೆಯ ಬಾಗಿಲೆಂದು ಪಠ್ಯಪುಸ್ತಕಗಳು ಕೊಂಡಾಡುತ್ತವೆ. ಆದರೂ ಒಂದು ಮಾತನ್ನು ಮರೆಮಾಚಬಾರದು: ಮುಂದೆ ಈ ಚಿತ್ರಕಾರರನ್ನು ಬಡತನದಿಂದ ಮೇಲೆತ್ತಿದವರಲ್ಲಿ ಪ್ರಮುಖನು ಒಬ್ಬ ವರ್ತಕನೇ. ಪೌಲ್ ದ್ಯುರಾಂ ರ್ಯುಯೆಲ್ ಎಂಬಾತನು ತಾನು ನಷ್ಟಪಟ್ಟೂ ಅವರ ಚಿತ್ರಗಳನ್ನು ಕೊಂಡು, 1886ರಲ್ಲಿ ಅಮೆರಿಕದ ನ್ಯೂಯಾರ್ಕಿನವರೆಗೆ ಒಯ್ದನು. ಆದುದರಿಂದ ಮಧ್ಯವರ್ತಿಗಳೆಲ್ಲರೂ ಶೋಷಕರೆಂದು ತೀರ್ಮಾನಿಸುವುದು ಚರಿತ್ರೆಗೆ ನ್ಯಾಯವಾಗದು.

ಈಗ ನಮ್ಮ ಜಿಲ್ಲೆಗೇ ಸಂಬಂಧಿಸಿದ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಚಿತ್ರಕಾರ ಕೆ. ಸಿ. ಎಸ್. ಪಣಿಕ್ಕರ್ ಅವರು 1911ರಲ್ಲಿ ಹುಟ್ಟಿದ್ದು ಕೊಯಮತ್ತೂರಿನಲ್ಲಿ. ಮದರಾಸಿನ ಸರ್ಕಾರಿ ಕಲಾಶಾಲೆಯ ಮುಖ್ಯಸ್ಥರಾಗಿದ್ದಾಗ ಅವರನ್ನು ಒಂದು ಚಿಂತೆ ಬಾಧಿಸುತ್ತಿತ್ತು. ಐದಾರು ವರ್ಷ ಶ್ರದ್ಧೆಯಿಂದ ಕಲಿತ ವಿದ್ಯಾರ್ಥಿಗಳು ಶಾಲೆಯ ಬಾಗಿಲು ದಾಟಿದೊಡನೆ ಹೊಟ್ಟೆಪಾಡಿಗಾಗಿ ಬೇರೆ ಉದ್ಯೋಗ ಹಿಡಿದು ಕುಂಚವನ್ನು ಕೆಳಗಿಡುತ್ತಿದ್ದರು. ಅಂದಿನ ಮದರಾಸಿನಲ್ಲಿ ಹೊಸ ಬಗೆಯ ಚಿತ್ರಗಳನ್ನು ಕೊಳ್ಳುವವರು ವಿರಳ. ಅವುಗಳನ್ನು ಮಾರಿಕೊಡುವ ಗ್ಯಾಲರಿಗಳೂ ಇಲ್ಲವೆನ್ನುವಷ್ಟು ಕಡಿಮೆ. ಪಣಿಕ್ಕರ್ ಅವರು ಶಿಷ್ಯರೊಡನೆ ಕಂಡುಕೊಂಡ ಉಪಾಯ ಸರಳವಾದುದು. ಜನರು ಚಿತ್ರವನ್ನು ಕೊಳ್ಳದಿದ್ದರೂ ಬಟ್ಟೆಯನ್ನು ಕೊಳ್ಳುತ್ತಾರಷ್ಟೆ! ಕಲಾವಿದರು ದಿನದ ಕೆಲವು ಗಂಟೆ ಬಾತಿಕ್ ಬಟ್ಟೆ, ಲೋಹದ ಕೆಲಸ, ಚರ್ಮದ ಕೆಲಸ ಮೊದಲಾದ ಕೈಕಸುಬುಗಳನ್ನು ಮಾಡಲಿ. ಅದರಿಂದ ಊಟ ನಡೆಯಲಿ. ಉಳಿದ ಹೊತ್ತು ಯಾರ ಇಷ್ಟಕ್ಕೂ ಬಾಗದೆ ತಮ್ಮ ಚಿತ್ರ ಬರೆಯಲಿ. ಈ ಉದ್ದೇಶಕ್ಕಾಗಿ ಕಲಾವಿದರ ಕರಕುಶಲ ಸಂಘವೊಂದು ಹುಟ್ಟಿತು. ಮೇಣದಿಂದ ಗೆರೆ ಬರೆದು ಬಣ್ಣದಲ್ಲಿ ಅದ್ದಿದ ಅವರ ಬಾತಿಕ್ ಬಟ್ಟೆಗಳು ಪ್ರದರ್ಶನದಲ್ಲಿ ಮಾರಾಟವಾದವು. ಹಾಗೆ ಬಂದ ಹಣದ ಬೆಂಬಲದಿಂದ ಮದರಾಸಿನ ದಕ್ಷಿಣಕ್ಕೆ ಕಡಲಂಚಿನ ಈಂಜಂಬಾಕ್ಕಂನಲ್ಲಿ ಸವುಕು ಮರಳಿನ ಭೂಮಿಯನ್ನು ಕೊಂಡು 1966ರಲ್ಲಿ 'ಚೋಳಮಂಡಲ' ಎಂಬ ಕಲಾವಿದರ ಗ್ರಾಮವನ್ನು ಸ್ಥಾಪಿಸಿದರು. ತಾವೇ ಮನೆಗಳನ್ನು ಕಟ್ಟಿಕೊಂಡರು. ಅಲ್ಲಿಯೇ ಪ್ರದರ್ಶನದ ಏರ್ಪಾಡನ್ನೂ ಮಾಡಿಕೊಂಡರು. ಪಣಿಕ್ಕರ್ ಅವರು 1977ರಲ್ಲಿ ತೀರಿಕೊಂಡರು, ಗ್ರಾಮವು ಉಳಿದಿದೆ.

ಈ ಗ್ರಾಮದ ಸ್ಥಾಪಕ ಸದಸ್ಯರಲ್ಲಿ ಒಬ್ಬರು ಕನ್ನಡಿಗರೆಂಬುದು ನಮಗೆ ಹೆಮ್ಮೆಯ ವಿಷಯ. 1941ರಲ್ಲಿ ಮೈಸೂರಿನಲ್ಲಿ ಜನಿಸಿದ ಎಸ್. ಜಿ. ವಾಸುದೇವ್ ಅವರು ಮದರಾಸಿನಲ್ಲಿ ಪಣಿಕ್ಕರ್ ಅವರ ಶಿಷ್ಯರಾಗಿ ಕಲಿತರು. ಬಾತಿಕ್ ಬಟ್ಟೆಯನ್ನೂ ತಾಮ್ರದ ಉಬ್ಬುಚಿತ್ರಗಳನ್ನೂ ಮಾಡುತ್ತ ವರ್ಣಚಿತ್ರವನ್ನು ಸಾಧಿಸಿದರು. ಬಹುಕಾಲ ಚೋಳಮಂಡಲದಲ್ಲಿದ್ದು ಬಳಿಕ ಬೆಂಗಳೂರಿಗೆ ಬಂದು ನೆಲಸಿದರು. ಅವರ ಸಾಧನೆಯಲ್ಲಿ ಮಗ್ಗದ ಮಕ್ಕಳಾದ ನಾವು ವಿಶೇಷವಾಗಿ ಗಮನಿಸಬೇಕಾದುದು ರೇಷ್ಮೆಯ ನೇಯ್ಗೆಚಿತ್ರಗಳು. ತಮ್ಮ ರೇಖೆ ವರ್ಣಗಳನ್ನು ಅವರು ನೇಕಾರ ಸುಬ್ಬರಾಯುಲು ಅವರೊಡನೆ ಕೂಡಿ ಮಗ್ಗಕ್ಕೆ ಇಳಿಸಿದರು. ಅಲ್ಲಿ ಚಿತ್ರಕಾರನ ಹೆಸರಿನೊಡನೆ ನೇಕಾರನ ಹೆಸರೂ ಕೇಳಿಬರುತ್ತದೆ. ಬೇಲೂರಿನ ದಾಸೋಜನ ಹೆಸರು ಕಲ್ಲಿನಲ್ಲಿ ಉಳಿದ ನಾಡಿನಲ್ಲಿ ಇದು ಯೋಗ್ಯವಾದ ಸಂಪ್ರದಾಯವೇ ಸರಿ.

ಕನ್ನಡನಾಡಿನಲ್ಲಿ ಕಲಾವಿದನನ್ನೂ ಕೊಳ್ಳುವವನನ್ನೂ ಎದುರುಬದುರಾಗಿ ನಿಲ್ಲಿಸಿದ ದೊಡ್ಡ ಪ್ರಯೋಗವೆಂದರೆ ಬೆಂಗಳೂರಿನ 'ಚಿತ್ರಸಂತೆ'. 1960ರಲ್ಲಿ ಆರಂಭವಾದ ಕರ್ನಾಟಕ ಚಿತ್ರಕಲಾ ಪರಿಷತ್ತು ಈ ಶತಮಾನದ ಮೊದಲ ವರ್ಷಗಳಲ್ಲಿ ಇದನ್ನು ಪ್ರಾರಂಭಿಸಿತು. ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳನ್ನು ನಿಲ್ಲಿಸಿ, ಎರಡು ಬದಿಗಳಲ್ಲಿಯೂ ಚಿತ್ರಗಳನ್ನು ತೂಗುಹಾಕುತ್ತಾರೆ. ನಾನಾ ರಾಜ್ಯಗಳಿಂದ ಸಾವಿರಕ್ಕೂ ಮಿಕ್ಕ ಕಲಾವಿದರು ಬರುತ್ತಾರೆ. ನೋಡುವ ಜನ ಲಕ್ಷಗಳಲ್ಲಿ. ನೂರು ರೂಪಾಯಿಯ ಚಿತ್ರವೂ ಉಂಟು, ಲಕ್ಷ ರೂಪಾಯಿಯ ಚಿತ್ರವೂ ಉಂಟು. ಗ್ಯಾಲರಿಯ ಗಾಜಿನ ಬಾಗಿಲನ್ನು ತಳ್ಳಲು ಸಂಕೋಚಪಡುವ ಗೃಹಸ್ಥನು ಇಲ್ಲಿ ಮಗುವಿನ ಕೈ ಹಿಡಿದು ಬಂದು, 'ಸ್ವಾಮಿ, ಇದಕ್ಕೇನು ಬೆಲೆ?' ಎಂದು ಧೈರ್ಯವಾಗಿ ಕೇಳುತ್ತಾನೆ. ಬರೆದವರೇ ಉತ್ತರ ಹೇಳುತ್ತಾರೆ. ಕೊರೋನಾ ಸೋಂಕಿನ ಕಾಲದಲ್ಲಿ, 2021ರಲ್ಲಿ, ಈ ಸಂತೆ ಅಂತರ್ಜಾಲದ ಮೂಲಕ ನಡೆಯಿತು. ಡ್ಯೂರರನ ತಾಯಿಯು ಜಾತ್ರೆಯಲ್ಲಿ ಕುಳಿತು ಮಾರಿದುದಕ್ಕೂ ಇದಕ್ಕೂ ನಡುವೆ ಐದು ಶತಮಾನಗಳಿವೆ. ಆದರೆ ವ್ಯವಹಾರದ ಮೂಲ ಒಂದೇ.

ಹಾಗಾದರೆ ಗ್ಯಾಲರಿಯ ಹಂಗಿಲ್ಲದೆ ಮಾರುವುದೇ ಎಲ್ಲರಿಗೂ ಲೇಸೆ? ಎರಡು ಪಕ್ಕಗಳನ್ನೂ ತೂಗಿ ನೋಡಬೇಕು. ಗ್ಯಾಲರಿಯು ಮಾರಾಟದ ಹಣದಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೂ ತನ್ನ ಪಾಲನ್ನು ತೆಗೆದುಕೊಳ್ಳುವ ವಾಡಿಕೆಯುಂಟು. ಅದಕ್ಕೆ ಬದಲಾಗಿ ಸ್ಥಳ, ಪ್ರಚಾರ, ಕೊಳ್ಳುವವರ ಪರಿಚಯಗಳನ್ನು ಅದು ಒದಗಿಸುತ್ತದೆ. ತಾನೇ ಮಾರುವ ಕಲಾವಿದನು ಆ ಪಾಲನ್ನು ಉಳಿಸಿಕೊಂಡರೂ ಆ ಕೆಲಸಗಳನ್ನೆಲ್ಲ ತಾನೇ ಮಾಡಬೇಕು. ಚೌಕಟ್ಟಿನ ಖರ್ಚು, ಬಣ್ಣದ ಖರ್ಚು, ಪ್ರಯಾಣದ ಖರ್ಚು, ಕಳೆದ ದಿನಗಳ ಕೂಲಿ ಇವುಗಳನ್ನು ಬರೆದಿಡದೆ ಬೆಲೆ ಕಟ್ಟುವವನು ಮಾರಿದಷ್ಟೂ ನಷ್ಟಪಡುತ್ತಾನೆ. ಸಂತೆಯ ಗದ್ದಲದಲ್ಲಿ ಬೇಗ ಮಾರಾಟವಾಗುವ ಚಿತ್ರವನ್ನೇ ಮತ್ತೆ ಮತ್ತೆ ಬರೆಯಬೇಕೆಂಬ ಆಸೆಯೂ ಹುಟ್ಟುತ್ತದೆ. ಆಗ ದಲ್ಲಾಳಿಯಿಲ್ಲದಿದ್ದರೂ ಕಲಾವಿದನು ಸ್ವತಂತ್ರನಲ್ಲ. ಪಣಿಕ್ಕರ್ ಅವರು ಕಸುಬಿನ ಹೊತ್ತನ್ನೂ ಚಿತ್ರದ ಹೊತ್ತನ್ನೂ ಬೇರ್ಪಡಿಸಿದುದರ ಮರ್ಮ ಇಲ್ಲಿಯೇ ಇದೆ.

ಕಾಯಿದೆಯ ತಿಳಿವಳಿಕೆಯೂ ಅವಶ್ಯ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಕಲಾವಿದನು ತಾನಾಗಿ ಬರೆದ ಚಿತ್ರವನ್ನು ಮಾರಿದ ಮಾತ್ರಕ್ಕೆ ಅದನ್ನು ಮುದ್ರಿಸುವ ಹಕ್ಕನ್ನು ಮಾರಿದಂತಾಗುವುದಿಲ್ಲ. ಆ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಡನೆ ನಡೆಯಬೇಕು. ಹಣ ಕೊಟ್ಟು ಬರೆಯಿಸಿಕೊಂಡ ಚಿತ್ರದ ವಿಷಯದಲ್ಲಿ ಮಾತ್ರ, ಬೇರೆ ಒಪ್ಪಂದವಿಲ್ಲದಿದ್ದರೆ, ಆ ಹಕ್ಕು ಬರೆಯಿಸಿಕೊಂಡವನದಾಗುತ್ತದೆ. 1994ರ ತಿದ್ದುಪಡಿಯಿಂದ ಇನ್ನೊಂದು ಅನುಕೂಲವೂ ಸೇರಿತು: ಮೂಲಚಿತ್ರವು ಹತ್ತು ಸಾವಿರ ರೂಪಾಯಿಗಳಿಗೂ ಹೆಚ್ಚಿನ ಬೆಲೆಗೆ ಮರುಮಾರಾಟವಾದರೆ, ಹಕ್ಕಿನ ಮೊದಲ ಒಡೆಯನಾಗಿದ್ದ ಕಲಾವಿದನಿಗೆ ಅಥವಾ ಅವನ ವಾರಸುದಾರರಿಗೆ ಅದರಲ್ಲಿ ಒಂದು ಪಾಲು ಸಲ್ಲತಕ್ಕದ್ದು, ಆ ಪಾಲು ನೂರಕ್ಕೆ ಹತ್ತನ್ನು ಮೀರುವಂತಿಲ್ಲ. ರವಿವರ್ಮರಿಗೆ ಇಂಥ ಆಸರೆಯಿರಲಿಲ್ಲ. ನಮ್ಮ ಮಕ್ಕಳಿಗೆ ಇದೆ. ಆದರೆ ತಿಳಿಯದವನಿಗೆ ಇದ್ದೂ ಇಲ್ಲದಂತೆ.

ಇನ್ನು ಹೊರಟ ಊರಿಗೇ ಮರಳೋಣ. ಕೈಮಗ್ಗದವರಿಗಾಗಿ ಮದರಾಸು ಪ್ರಾಂತದಲ್ಲಿ 1935ರಲ್ಲಿಯೇ ಸಹಕಾರಿ ಮಾರಾಟ ಸಂಸ್ಥೆ ಹುಟ್ಟಿತು. ಅದೇ ಇಂದಿನ ಕೋ-ಆಪ್‌ಟೆಕ್ಸ್. ಈಚಿನ ವರ್ಷಗಳಲ್ಲಿ ಆ ಸಂಸ್ಥೆ ಸೀರೆಯೊಡನೆ ನೆಯ್ದವರ ಹೆಸರೂ ಭಾವಚಿತ್ರವೂ ಇರುವ ಚೀಟಿಯನ್ನು ಇಡುವ ಪದ್ಧತಿಯನ್ನು ತಂದಿತು. ನಮ್ಮ ಸೀಮೆಯ ಕೋವೈ ಕೋರಾ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಇವು ಊರಿನ ಹೆಸರನ್ನೂ ನೆಯ್ದವರ ಹೆಸರನ್ನೂ ಬಟ್ಟೆಗೆ ಅಂಟಿಸುವ ಪ್ರಯತ್ನಗಳು. ವಿದ್ಯುತ್ ಮಗ್ಗದ ಕೂಲಿಯ ಪ್ರಶ್ನೆಯನ್ನು ಒಂದು ಚೀಟಿ ಬಗೆಹರಿಸಲಾರದೆಂಬುದನ್ನು ಬಲ್ಲೆವು. ಆದರೂ ಹೆಸರಿಲ್ಲದ ಬಟ್ಟೆಗೂ ಹೆಸರುಳ್ಳ ಬಟ್ಟೆಗೂ ಬೆಲೆ ಕಟ್ಟುವಾಗ ವ್ಯತ್ಯಾಸವಾಗುತ್ತದೆಂಬುದನ್ನು ಚರಿತ್ರೆಯುದ್ದಕ್ಕೂ ಕಂಡೆವು.

ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿನಂತಿ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳ ಚಿತ್ರಗಳನ್ನು ಗೋಡೆಗೆ ಅಂಟಿಸಿ ಮರುದಿನ ಕಿತ್ತುಹಾಕುವ ವಾಡಿಕೆಯಿದೆ. ಅದಕ್ಕೆ ಬದಲಾಗಿ ಒಂದು ಮೇಜನ್ನು ಹಾಕಿ, ಪ್ರತಿಯೊಂದು ಚಿತ್ರದ ಕೆಳಗೂ ಬರೆದವರ ಹೆಸರನ್ನೂ ಒಂದು ಚಿಕ್ಕ ಬೆಲೆಯನ್ನೂ ಬರೆಯಿಸಿ, ಮಕ್ಕಳೇ ನಿಂತು ಮಾರುವಂತೆ ಮಾಡಬಾರದೇಕೆ? ಕಾಗದಕ್ಕೆಷ್ಟು, ಬಣ್ಣಕ್ಕೆಷ್ಟು, ಶ್ರಮಕ್ಕೆಷ್ಟು ಎಂದು ಅವರೇ ಲೆಕ್ಕ ಬರೆಯಲಿ. ಮಗ್ಗದ ಮನೆಯಿಂದ ಬಂದ ಹುಡುಗಿಯೊಬ್ಬಳು ತನ್ನ ಚಿತ್ರಕ್ಕೆ ತಾನೇ ಬೆಲೆ ಹೇಳಿ, ಐದು ರೂಪಾಯಿ ಕಡಿಮೆ ಮಾಡೆಂದು ಕೇಳಿದವರಿಗೆ 'ಆಗುವುದಿಲ್ಲ' ಎಂದು ವಿನಯದಿಂದ ಹೇಳಲು ಕಲಿತರೆ, ಅವಳ ಮುತ್ತಜ್ಜಂದಿರು ಎರಡು ಶತಮಾನಗಳ ಹಿಂದೆ ಕಳೆದುಕೊಂಡ ಹಕ್ಕಿನ ಒಂದು ಎಳೆ ಅವಳ ಕೈಗೆ ಮರಳಿ ಬಂದಂತಾಗುತ್ತದೆ.